ಕೆಂಪಾಜಮ್ಮ ವಾಪಸ್ ಬರುತ್ತಾಳೆ

ವೀಸಾ ಕೊಡುವ ಕಚೇರಿಗೆ ಇರುವುದು ಒಂದೇ ಚಿಂತೆ: ಬಂದವರು ವಾಪಸ್ ಹೋಗುತ್ತಾರೋ ಇಲ್ಲವೋ. ಪಾಸ್‌ಪೋರ್ಟು ಕೈಯಲ್ಲಿ ಹಿಡಿದವರಿಗೆಲ್ಲ ಇದು ಗೊತ್ತಿರಬೇಕಾದ ಸಂಗತಿ. ಹುಣಸೂರು ಬಸ್ ಸ್ಟ್ಯಾಂಡಿನ ಹಿಂದೆ, ಜೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ ವಿಮಾನದ ಚಿತ್ರ ಅಂಟಿಸಿಕೊಂಡು ಕೂತಿರುವ ಚೇತನ್‌ಕುಮಾರನಿಗೂ ಗೊತ್ತಿತ್ತು. ಅವನು ಅದನ್ನು ಕೆಂಪಾಜಮ್ಮನಿಗೆ ಹೇಳಲಿಲ್ಲ. ಯಾಕಯ್ಯಾ ಎಂದರೆ, ‘ಅವರು ಕೇಳಲಿಲ್ಲ’ ಎನ್ನುತ್ತಾನೆ. ಏನು ಕೇಳಬೇಕು ಎಂದು ಗೊತ್ತಿದ್ದವರು ಇವನ ಅಂಗಡಿ ಮೆಟ್ಟಿಲನ್ನು ಯಾಕೆ ಹತ್ತುತ್ತಾರೆ?

ಕೆಂಪಾಜಮ್ಮ ಗುರುಪುರದಾಚೆಯ ಒಂದು ಸಣ್ಣ ಹಳ್ಳಿಯವಳು. ವಯಸ್ಸು ಐವತ್ತೇಳೋ ಐವತ್ತೊಂಬತ್ತೋ. ಆಧಾರ್ ಕಾರ್ಡು ಮಾಡಲು ಬಂದವನು ಜನವರಿ ಒಂದು ಎಂದು ಒತ್ತಿ ಕೈತೊಳೆದುಕೊಂಡ. ಆ ಪುಣ್ಯಾತ್ಮನ ಕೃಪೆಯಿಂದ ಊರಿನ ಅರ್ಧ ಜನ ಒಂದೇ ದಿನ ಹುಟ್ಟಿದ್ದಾರೆ. ಗಂಡ ಅಂಕಯ್ಯ. ಎರಡೂವರೆ ಎಕರೆ ಹೊಲ, ಒಂದು ಹಸು, ಒಂದು ಕಡಸು. ಇದ್ದೊಬ್ಬ ಮಗಳನ್ನು ಭೇರ್ಯದ ಕಡೆ ಕೊಟ್ಟಿದ್ದಾರೆ. ಮಳೆಗಾಲದಲ್ಲಿ ಹೊಗೆಸೊಪ್ಪು, ಅದರ ಪಕ್ಕದಲ್ಲಿ ರಾಗಿ. ಸೊಪ್ಪು ಮುರಿದು ತಂದ ದಿನ ಬೆಳಗಿನಿಂದ ಬೈಗಿನ ತನಕ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟಬೇಕು, ಕಟ್ಟಿದ್ದನ್ನು ಕಾವಿನಲ್ಲಿ ಒಣಗಿಸಿ ಬೇಯಿಸುವ ಬ್ಯಾರನ್ ಮನೆಗೆ ಏರಿಸಬೇಕು. ಆ ಎಲೆಯ ಅಂಟು ಕೈಗೆ ಹತ್ತಿದರೆ ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗುವುದಿಲ್ಲ. ನಾಲ್ಕು ತಿಂಗಳು ಅವಳ ಹತ್ತು ಬೆರಳೂ ಕಪ್ಪು.

ಇಂಥವಳಿಗೆ ಫಾರಿನ್ ಯಾಕೆ ಎಂದು ಊರೇ ಕೇಳಿತು. ಕೇಳಿದವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಕಾರಣ ಗೊತ್ತಿತ್ತು. ಗೊತ್ತಿದ್ದೂ ಕೇಳುವುದು ನಮ್ಮ ಕಡೆಯ ದೊಡ್ಡ ಮನರಂಜನೆ.

ಅವರ ಹೊಲದ ಆಚೆ ರಸ್ತೆ ದಾಟಿದರೆ ಟಿಬೆಟಿನವರ ಕ್ಯಾಂಪು. ಮೈಸೂರಿನಿಂದ ಕಾರು ಮಾಡಿಕೊಂಡು ಬಂದು, ಗುಡಿ ಮುಂದೆ ಫೋಟೋ ಹೊಡೆಸಿಕೊಂಡು, ಮೊಮೊ ತಿಂದು, ತಟ್ಟೆ ಅಲ್ಲೇ ಎಸೆದು ಹೋಗುವವರಿಗೆ ಅದು ನೋಡುವ ಜಾಗ. ಕೆಂಪಾಜಮ್ಮನಿಗೆ ಕೂಲಿಯ ಜಾಗ. ಪೇಮಾ ಎಂಬವಳ ಜೋಳದ ಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದಳು. ದಸರಾ ಮುಗಿಯುತ್ತಿದ್ದಂತೆ ಕ್ಯಾಂಪಿನ ಬಹಳ ಜನ ಸ್ವೆಟರ್ ಗಂಟು ಕಟ್ಟಿಕೊಂಡು ಊರೂರಿಗೆ ವ್ಯಾಪಾರಕ್ಕೆ ಹೊರಡುತ್ತಾರೆ, ಚಳಿ ಮುಗಿದ ಮೇಲೆ ಬರುತ್ತಾರೆ. ಪೇಮಾಳೂ ಹೊರಡುತ್ತಿದ್ದಳು. ಒಂದು ವರ್ಷ ಫುಟ್‌ಪಾತಿನ ದೂಳು ಕುಡಿದು ಅವಳ ಎರಡು ವರ್ಷದ ಮಗು ಸಾಯುವಂತಾಯಿತು. ಮಾರನೆಯ ವರ್ಷ ಪೇಮಾ ಆ ಮಗುವನ್ನು ಎತ್ತಿಕೊಂಡು ಬಂದು ಕೆಂಪಾಜಮ್ಮನ ಮಡಿಲಿಗೆ ಹಾಕಿದಳು. ನಾಲ್ಕು ತಿಂಗಳು ಎಂದಳು. ಹಾಗೆ ಏಳು ಚಳಿಗಾಲ ಆಯಿತು. ಯಾಂಗ್ಚೆನ್ ಎಂಬ ಆ ಮಗು ಮುದ್ದೆಯನ್ನು ಅಗಿಯದೆ ನುಂಗುವುದು ಕಲಿಯಿತು, ಕೋಳಿಗೂಡಿನ ಬಾಗಿಲು ಹಾಕುವುದು ಕಲಿಯಿತು, ಊರಿನ ಹುಡುಗರಿಗಿಂತ ಚೆನ್ನಾಗಿ ಬೈಯುವುದು ಕಲಿಯಿತು. ಕೆಂಪಾಜಮ್ಮನನ್ನು ಅವ್ವ ಎಂದಿತು. ಹೆತ್ತ ಪೇಮಾಳನ್ನು ಅಮ್ಮಾ ಎಂದಿತು. ಇದರಲ್ಲಿ ಯಾರಿಗೂ ಗೊಂದಲವಿರಲಿಲ್ಲ.

ಈಗ ಯಾಂಗ್ಚೆನ್ ಯುರೋಪಿನ ಒಂದು ಪುಟ್ಟ ದೇಶದಲ್ಲಿ ಮುದುಕರನ್ನು ನೋಡಿಕೊಳ್ಳುವ ಆಸ್ಪತ್ರೆಯ ನರ್ಸು. ಗಂಡ ಅಲ್ಲೇ ಬಸ್ ಓಡಿಸುತ್ತಾನೆ. ದೇಶದ ಹೆಸರು ಯಾವುದಾದರೇನು, ಎಲ್ಲರ ಫಾರಮ್ಮೂ ಒಂದೇ ಬಾವಿಯ ನೀರು. ಪೇಮಾ ತೀರಿಕೊಂಡು ಎರಡು ವರ್ಷ. ಆಷಾಢದಲ್ಲಿ ಒಂದು ದಿನ ಫೋನು ಬಂತು.

“ಅವ್ವ, ಕಾರ್ತೀಕದಾಗೆ ಕಣವ್ವ.”

“ಏನು ಕಾರ್ತೀಕದಾಗೆ?”

“ಏನು ಅಂದ್ರೆ? ನಿಂಗೆ ಬುಡಿಸಿ ಹೇಳ್ಬೇಕಾ?”

ಕೆಂಪಾಜಮ್ಮ ಕೈಯಲ್ಲಿದ್ದ ಕಡ್ಡಿ ಕೆಳಗಿಟ್ಟಳು. “ಅಯ್ಯೋ ನನ್ ಕಂದ! ವಾಂತಿ ಐತಾ?”

“ಅದೆಲ್ಲಾ ನಿಂತೋಯ್ತು. ಇಲ್ಲಿ ಆಸ್ಪತ್ರೇಲಿ ಮೂರೇ ದಿನಕ್ಕೆ ಮನೆಗೆ ಕಳಿಸ್ತಾರೆ ಕಣವ್ವ. ಆಮೇಲೆ ನಾನು, ಅವನು, ನಾಕು ಗೋಡೆ. ಅವನು ಬಸ್ಸಿಗೆ ಹೋದ್ರೆ ಬರೀ ಗೋಡೆ. ನಂಗೆ ನೀರು ಉಯ್ಯೋರು ಯಾರವ್ವ?”

“ನಾನಿವ್ನಿ ಕಣ್, ಸುಮ್ಕಿರು. ಅಳ್ಬಾರ್ದು ಇಂತಾ ಒತ್ನಲ್ಲಿ.”

ಅಷ್ಟೇ. ಕಾರ್ತೀಕದೊಳಗೆ ಅವಳು ಅಲ್ಲಿರಬೇಕು. ತಾಯಿಯಿಲ್ಲದ ಬಾಣಂತಿಗೆ ಎಣ್ಣೆ ನೀರು ಹಾಕಬೇಕು. ಪಾಸ್‌ಪೋರ್ಟು ಮಾಡಿಸಿದಳು, ಅದಕ್ಕೆ ಮೂರು ಸಲ ಮೈಸೂರಿಗೆ ಅಲೆದಳು. ಆಮೇಲೆ ಯಾರೋ ಚೇತನ್‌ಕುಮಾರನ ಅಂಗಡಿ ತೋರಿಸಿದರು. ತೋರಿಸಿದವರಿಗೂ ಅವನಿಗೂ ಏನು ಒಳಒಪ್ಪಂದವಿತ್ತೋ, ದೇವರೇ ಬಲ್ಲ.

ಚೇತನ್‌ಕುಮಾರ್ ಕಂಪ್ಯೂಟರಿನಿಂದ ಕಣ್ಣೆತ್ತದೆ ಪ್ರಶ್ನೆ ಕೇಳುವ ಜಾತಿ. ದೊಡ್ಡ ಆಫೀಸರುಗಳನ್ನು ನೋಡಿ ಕಲಿತದ್ದು.

“ಕರೆಸ್ಕೊಳ್ಳೋರು ನಿಮಗೇನಾಗ್ಬೇಕಮ್ಮ?”

“ಮಗಳು.”

ಅವನು ಹೆಸರು ನೋಡಿದ, ಇವಳ ಮುಖ ನೋಡಿದ, ನಕ್ಕ. “ಯಾಂಗ್ಚೆನ್ ಅಂತ ಐತೆ?”

“ಸಾಕಿದ ಮಗಳು ಕಣಪ್ಪ.”

“ದತ್ತು ತಗೊಂಡ ಪತ್ರ ಐತಾ? ಇಲ್ವಲ್ಲ. ಫ್ರೆಂಡ್ ಅಂತ ಹಾಕ್ತೀನಿ.”

“ಪ್ರೆಂಡಾ? ಅವಳ ಅಂಡು ತೊಳ್ದಿವ್ನಿ ಕಣಪ್ಪ ನಾನು!”

“ಅಮ್ಮ, ಅಂಡು ತೊಳೆದೋರಿಗೆ ಕಾಲಂ ಇಲ್ಲ.” ಒತ್ತಿದ. “ಉದ್ಯೋಗ... ಹೌಸ್‌ವೈಫ್.”

“ಅಂಗಂದ್ರೆ?”

“ಮನೇಲಿರೋದು.”

“ಮನೇಲಿ ಯಾವತ್ತು ಕೂತಿದ್ನಪ್ಪ ನಾನು? ಸೊಪ್ಪು ಕಟ್ಟೋರ್ಯಾರು, ಹಸ ಕರೆಯೋರ್ಯಾರು?”

“ಹಸ ಗಿಸ ಎಲ್ಲಾ ಹಾಕ್ಬಾರ್ದಮ್ಮ, ಚೀಪಾಗಿ ಕಾಣ್ತದೆ. ಅವರು ದೊಡ್ಡ ಜನ.”

ಅಂಕಯ್ಯ ಪಹಣಿ ತಂದಿದ್ದ, ಮಡಿಕೆ ಬಿಚ್ಚಿ ಮೇಜಿನ ಮೇಲಿಟ್ಟ. ಗಂಡನ ಹೆಸರಲ್ಲಿರುವ ಜಮೀನು ಹೆಂಡತಿಗೆ ಲೆಕ್ಕವಿಲ್ಲ ಎಂದು ಚೇತನ್‌ಕುಮಾರ್ ಅದನ್ನು ಅಲ್ಲೇ ಮಡಚಿ ವಾಪಸ್ ಕೊಟ್ಟ. ಜೊತೆಗೊಂದು ಕಾಗದ ಬೇಕು, ಯಾಕೆ ಹೋಗುತ್ತಿದ್ದೇನೆ ಎಂದು. ಅದು ಅವನ ಹತ್ತಿರ ರೆಡಿ ಇತ್ತು. ಪಿರಿಯಾಪಟ್ಟಣದ ಶುಂಠಿ ವ್ಯಾಪಾರಿಯೊಬ್ಬ ಹೆಂಡತಿ ಮಕ್ಕಳ ಜೊತೆ ಟೂರು ಹೋದಾಗ ಬರೆದದ್ದು: ನಿಮ್ಮ ದೇಶದ ರಮಣೀಯ ಪರ್ವತಗಳನ್ನೂ ಸಾಂಸ್ಕೃತಿಕ ಪರಂಪರೆಯನ್ನೂ ಕಣ್ತುಂಬಿಕೊಳ್ಳಲು ಬಹುಕಾಲದಿಂದ ಹಂಬಲಿಸುತ್ತಿದ್ದೇನೆ. ಹೆಸರು ಬದಲಿಸಿದ, ಪ್ರಿಂಟು ತೆಗೆದ. ಕೆಂಪಾಜಮ್ಮ ಪರ್ವತ ನೋಡಲು ಹಂಬಲಿಸಿ ಸಹಿ ಹಾಕಿದಳು. ಇಂಗ್ಲಿಷು ಬಾರದವಳು ನಂಬದೆ ಇನ್ನೇನು ಮಾಡುತ್ತಾಳೆ? ನಂಬಿಕೆಯ ಮೇಲೆ ಇಷ್ಟು ನಿರಾಯಾಸವಾಗಿ ಉಗುಳುವ ಕಸುಬು ಇನ್ನೊಂದಿಲ್ಲ. ಅದಕ್ಕೆ ಕನ್ಸಲ್ಟೆನ್ಸಿ ಎಂದು ಬೋರ್ಡು ಬೇರೆ.

ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಡಬೇಕಿತ್ತು. ಗಾಜಿನ ಹಿಂದೆ ಕೂತಿದ್ದ ಹುಡುಗಿ ಎಷ್ಟು ಒತ್ತಿಸಿದರೂ ಮೆಷೀನು ಹಿಡಿಯಲಿಲ್ಲ. ಸ್ಪಿರಿಟ್ ಹಾಕಿದ ಕಾಗದ ಕೊಟ್ಟು ಒರೆಸಿಕೊಳ್ಳಿ ಎಂದಳು. ಕಾಗದ ಕಪ್ಪಾಯಿತು, ಬೆರಳು ಬಿಳಿಯಾಗಲಿಲ್ಲ.

“ಏನ್ ಕೆಲ್ಸ ಮಾಡ್ತೀರಾ ಆಂಟಿ?”

“ಒಗೆಸೊಪ್ಪು ಕಟ್ತೀನಿ ಕಣ್ ಮಗ.”

ಹುಡುಗಿ ಕಂಪ್ಯೂಟರಿನಲ್ಲಿ ನೋಡಿದಳು. ಅಲ್ಲಿ ಬೇರೆ ಇತ್ತು. ಏನೂ ಹೇಳಲಿಲ್ಲ. ಅವಳಿಗೆ ಸಂಬಳ ಕೊಡುವುದು ಹೇಳುವುದಕ್ಕಲ್ಲ. ನಾಲ್ಕನೇ ಸಲಕ್ಕೆ ಮೆಷೀನು ಒಪ್ಪಿಕೊಂಡಿತು.

ಅದಾಗಿ ಒಂಬತ್ತನೆಯ ದಿನ ವೀಸಾ ಕಚೇರಿಯಿಂದ ಫೋನು ಬಂತು. ಫಾರಮ್ಮಿನಲ್ಲಿದ್ದದ್ದು ಅಂಕಯ್ಯನ ನಂಬರು. ಸೊಪ್ಪಿನ ಚಪ್ಪರದ ಕೆಳಗೆ ಎಂಟು ಹತ್ತು ಹೆಂಗಸರು ಕೂತು ಕಟ್ಟುತ್ತಿದ್ದರು. ಅಂಕಯ್ಯ ಕಡ್ಡಿ ಹೊರುತ್ತಿದ್ದವನು ನಿಂತು, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ. ವಿದೇಶದ ಕಚೇರಿಯಿಂದ ಫೋನು ಬರುವುದು ದಿನಾ ಇದೆಯೇ?

“ಅಂಕಯ್ಯ ಅವರಾ? ನಿಮ್ಮ ಮಿಸೆಸ್ ವೀಸಾ ಅಪ್ಲೈ ಮಾಡಿದ್ದಾರಲ್ಲ, ಅದರ ವಿಷಯ. ಯಾಕೆ ಹೋಗ್ತಾ ಇದ್ದಾರೆ?” ಅಚ್ಚ ಬೆಂಗಳೂರಿನ ಕನ್ನಡ, ಹೆಣ್ಣು ದನಿ.

“ಬಾಣಂತನಕ್ಕೆ ಕಣವ್ವ. ಮಗಳಿಗೆ.”

ಆ ಕಡೆ ಕಂಪ್ಯೂಟರಿನಲ್ಲಿ ಒತ್ತುವ ಟಕಟಕ ಸದ್ದು. “ಎಷ್ಟು ದಿನ ಇರ್ತಾರೆ?”

ಇಲ್ಲಿ ಒಂದು ಮಾತು. ನಮ್ಮ ಕಡೆ ಬಾಣಂತನಕ್ಕೆ ಹೊರಟ ಹೆಂಗಸನ್ನು ಯಾವತ್ತು ಬರುತ್ತೀಯ ಎಂದು ಕೇಳಬಾರದು. ಕೇಳಿದರೆ ತಾಯಿ ಮಗುವಿನ ದಿನ ಎಣಿಸಿದ ಹಾಗೆ. ಯಾರಾದರೂ ಬಾಯಿತಪ್ಪಿ ಕೇಳಿದರೂ ಗಂಡನಾದವನು ಇಷ್ಟು ದಿನ ಎಂದು ಹೇಳಬಾರದು. ಹೇಳಿದರೆ ಹೆಂಡತಿಯನ್ನು ಮನಸ್ಸಿಲ್ಲದೆ ಕಳಿಸುವ ಜಿಪುಣ ಎಂದು ಅರ್ಥ. ಇಲ್ಲಿಯ ಕೆಲಸ ಬಿದ್ದು ಸಾಯುತ್ತಿದ್ದರೂ ‘ಇಲ್ಲೇನಿದೆ, ನಿಧಾನಕ್ಕೆ ಬರಲಿ’ ಎನ್ನಬೇಕು. ಮನೆಗೆ ಬಂದವರಿಗೆ ಉಂಡೇ ಹೋಗಿ ಎನ್ನುತ್ತೇವಲ್ಲ, ಅಂಥದ್ದು. ಚಪ್ಪರದ ಕೆಳಗಿನ ಹೆಂಗಸರೆಲ್ಲ ಕೈ ನಿಲ್ಲಿಸಿ, ಅಂಕಯ್ಯ ಈಗ ಏನು ಹೇಳುತ್ತಾನೆ ಎಂದು ನೋಡುತ್ತಿದ್ದರು. ಅವನು ಮರ್ಯಾದಸ್ಥ. ಮರ್ಯಾದೆಯ ಮಾತನ್ನೇ ಆಡಿದ.

“ಅದ್ಯಾಕವ್ವ ಅಂಗ್ ಕೇಳ್ತೀರ? ಮಗೀಗೆ ಬಲ ಬರೋಗಂಟ ಇರ್ಲಿ. ಮೂರು ತಿಂಗ್ಳಾಗ್ಲಿ, ಆರು ತಿಂಗ್ಳಾಗ್ಲಿ. ನಂದೇನೈತೆ, ಮುದ್ದೆ ತಿರುವ್ಕಂಡು ಉಣ್ತೀನಿ.”

“ಅಂದ್ರೆ ಅವರು ಬೇಗ ವಾಪಸ್ ಬರೋ ಅಗತ್ಯ ಏನೂ ಇಲ್ಲ?”

“ಏನೂ ಇಲ್ಲ ಕಣವ್ವ. ನೀವೇನೂ ಯೋಚ್ನೆ ಮಾಡ್ಬೇಡಿ.”

“ಥ್ಯಾಂಕ್ಯೂ ಸರ್.”

ಹೆಂಗಸರು ತಲೆದೂಗಿದರು. ಪಕ್ಕದ ಮನೆಯ ಮಲ್ಲಾಜಮ್ಮ, ಯಾರನ್ನೂ ಸುಲಭಕ್ಕೆ ಹೊಗಳದವಳು, “ನೋಡ್ದಾ ಕೆಂಪಾಜಿ, ನಿನ್ ಗಂಡಂಗೆ ಬಾಯಲ್ಲಿ ಇಂತಾ ಮಾತೂ ಐತೆ! ನನ್ನೋನಾಗಿದ್ರೆ ನಾಳೀಕೇ ಬಂದ್ಬುಡ್ಲಿ ಅಂತಿದ್ದ” ಎಂದಳು. ಕೆಂಪಾಜಮ್ಮ ಸೆರಗಿನಲ್ಲಿ ನಗು ಒರೆಸಿಕೊಂಡು, “ಒಳ್ಳೇ ಮಾತೇ ಆಡ್ದೆ ಬುಡು” ಎಂದಳು ಗಂಡನಿಗೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅಂಕಯ್ಯನಿಗೆ ಸಿಕ್ಕ ದೊಡ್ಡ ಬಹುಮಾನ ಅದು.

ಫೋನಿನ ಆ ಕಡೆ ಕೂತಿದ್ದವಳ ಅಜ್ಜಿಯೂ ಇದೇ ಮಾತನ್ನು ಹೇಳಿಯೇ ಇರುತ್ತಾಳೆ. ತುಮಕೂರಿನದೋ ಮಂಡ್ಯದ್ದೋ ಯಾವುದೋ ಹಟ್ಟಿಯಲ್ಲಿ, ಯಾರದೋ ಬಾಣಂತನಕ್ಕೆ ಯಾರನ್ನೋ ಕಳಿಸುವಾಗ. ಮೊಮ್ಮಗಳು ಅದನ್ನು ಮರೆಯುವುದಕ್ಕಾಗಿಯೇ ಓದಿದ್ದಾಳೆ. ಅಂಕಯ್ಯನ ಸೌಜನ್ಯವನ್ನು ಅಕ್ಷರಕ್ಕಕ್ಷರ ಇಂಗ್ಲಿಷಿಗೆ ಇಳಿಸಿ ಸಾಹೇಬರ ಮೇಜಿಗೆ ಇಟ್ಟಳು: ಪರ್ವತ ನೋಡಲು ಸ್ನೇಹಿತೆಯ ಮನೆಗೆ ಎಂದು ಬರೆದವಳು ಹೆರಿಗೆ ಕೆಲಸಕ್ಕೆ ಮಗಳ ಮನೆಗೆ ಹೋಗುತ್ತಿದ್ದಾಳೆ, ಆರು ತಿಂಗಳೂ ಇರಬಹುದು, ವಾಪಸ್ ಬರುವ ಅಗತ್ಯವಿಲ್ಲ ಎಂದು ಗಂಡನೇ ಹೇಳುತ್ತಾನೆ. ಪೋಲೀಸಿನವರು ಹೊಡೆದರೂ ಇಷ್ಟು ಚಂದದ ತಪ್ಪೊಪ್ಪಿಗೆ ಬರೆಸಲಾಗುತ್ತಿರಲಿಲ್ಲ.

ಎರಡು ವಾರಕ್ಕೆ ಕವರು ಬಂತು, ಚೇತನ್‌ಕುಮಾರನ ಅಂಗಡಿಗೆ.

“ರಿಜೆಕ್ಟಾಗೈತಮ್ಮ. ನಿಮ್ ಟೈಮ್ ಸರಿಯಿಲ್ಲ. ಇನ್ನೊಂದ್ಸಲ ಹಾಕುವ, ಫೀಸು ಮಾತ್ರ ಹೊಸ್ದಾಗಿ ಕಟ್ಬೇಕು.”

“ಯಾಕಂತಪ್ಪ?”

“ಯಾಕೆ ಅಂತೆಲ್ಲ ಅವ್ರು ಹೇಳಲ್ಲ.”

ಯಾಕೆ ಎಂಬುದು ಅವನ ಕೈಯಲ್ಲಿದ್ದ ಕಾಗದದಲ್ಲೇ ಅಚ್ಚಾಗಿತ್ತು, ಪಕ್ಕದಲ್ಲಿ ಗುರುತೂ ಹಾಕಿತ್ತು. ಓದಲಿಲ್ಲ. ಓದಿದರೆ ತನ್ನದೇ ತಪ್ಪು ಓದಬೇಕಾಗುತ್ತಿತ್ತು. ಅಷ್ಟರಲ್ಲಿ ಯಾರೋ ಪ್ಯಾನ್ ಕಾರ್ಡ್ ಲ್ಯಾಮಿನೇಷನ್ನಿಗೆ ಬಂದರು, ಅವನು ಆ ಕಡೆ ತಿರುಗಿದ.

ಕೆಂಪಾಜಮ್ಮ ಆ ಕಾಗದ ಹಿಡಿದುಕೊಂಡು ಗಂಡನ ಜೊತೆ ಶಿವಶಂಕರ ಮೇಷ್ಟ್ರ ಮನೆಗೆ ಹೋದಳು. ರಿಟೈರಾದ ಇಂಗ್ಲಿಷ್ ಮೇಷ್ಟ್ರು. ಸಿಂಗಾಪುರಕ್ಕೆ ಪ್ಯಾಕೇಜ್ ಟೂರು ಹೋಗಿ ಬಂದವರು. ಐದು ದಿನದ ಆ ಟೂರಿನ ಫೋಟೋಗಳು ಹಾಲಿನ ಗೋಡೆಯ ಮೇಲೆ ಐದು ವರ್ಷದಿಂದ ಇವೆ. ಮೇಷ್ಟ್ರು ಕನ್ನಡಕ ಏರಿಸಿ ಓದಿದರು, ಮೊದಲು ಇಂಗ್ಲಿಷಿನಲ್ಲಿ ಗಟ್ಟಿಯಾಗಿ, ತಮ್ಮ ಉಚ್ಚಾರಣೆಯ ಸುಖಕ್ಕೆ.

“ನೀನು ಹೋದ್ರೆ ವಾಪಸ್ ಬರ್ತೀಯ ಅಂತ ಅವರಿಗೆ ನಂಬಿಕೆ ಇಲ್ವಂತೆ ಕಣಮ್ಮ. ಅಲ್ಲೇ ಉಳ್ಕೋತೀಯಂತೆ.”

“ಅಂಗಂತ ಯಾರೇಳುದ್ರು?”

“ಫೋನ್ ಏನಾದ್ರೂ ಬಂದಿತ್ತಾ?”

ಅಂಕಯ್ಯ ಹೇಳಿದ. ಕೇಳಿದ ಪ್ರಶ್ನೆ, ಆಡಿದ ಮಾತು, ಒಂದೂ ಬಿಡದೆ ಹೇಳಿದ. ಹೇಳುತ್ತಾ ಹೇಳುತ್ತಾ ಅವನಿಗೇ ತಿಳಿಯುತ್ತಾ ಬಂತು. ಮೇಷ್ಟ್ರು ತೊಡೆ ತಟ್ಟಿ ನಕ್ಕರು. “ಎಂತಾ ಬೆಪ್ಪಯ್ಯ ನೀನು! ನೀನೇ ಬಾಯಾರೆ ಹೇಳಿದ್ದೀಯಲ್ಲೋ ಇವಳು ಬರೋದು ಬೇಡ ಅಂತ!”

ಅಂಕಯ್ಯ ಟವಲಿನಲ್ಲಿ ಮುಖ ಒರೆಸಿಕೊಂಡ. ಕೆಂಪಾಜಮ್ಮ ಅವನ ಕಡೆ ನೋಡಲಿಲ್ಲ, ಮೇಷ್ಟ್ರ ಕಡೆ ನೋಡಿದಳು.

“ಅವನು ತಪ್ಪೇನೂ ಆಡ್ಲಿಲ್ಲ ಮೇಷ್ಟ್ರೇ. ಬಾಣಂತನಕ್ಕೋಗೋಳ್ನ ಕಳಿಸೋವಾಗ ಇನ್ನೆಂಗೆ ಆಡ್ತಾರೆ? ನಿಮ್ಮವ್ವನ್ನ ಕೇಳಿದ್ರೂ ಅಂಗೇ ಏಳ್ತಿದ್ರು.”

ಮೇಷ್ಟ್ರ ನಗು ನಿಂತಿತು.

“ನಾನು ಅಲ್ಲೇ ಯಾಕೆ ಇದ್ದೋಗ್ಲಿ? ಮಗೀಗೆ ಎರಡು ತಿಂಗ್ಳು ತುಂಬ್ತಿದ್ದಂಗೆ ಬತ್ತೀನಿ, ಜನವರಿ ಅದಿನೆಂಟಕ್ಕೆ ಟಿಕೀಟು ಅಂತ ಯಾಂಗ್ಚೆನ್ನೇ ಏಳವ್ಳೆ. ಈ ಸಲ ಸೊಪ್ಪು ಕಟ್ಟಕ್ಕೆ ನಮ್ಮೊಲಕ್ಕೆ ಅನ್ನೊಂದು ಆಳು ಮುಯ್ಯಿ ಬಂದವ್ರೆ. ವೈಶಾಖದಾಗೆ ಸಸಿ ನೆಡಕ್ಕೆ ಅವ್ರ ಒಲಕ್ಕೆಲ್ಲ ನಾನು ಓಗ್ಬೇಕು. ಓಗ್ದೆ ಇದ್ರೆ ಆ ಮಲ್ಲಾಜಿ ನನ್ನ ಬುಡ್ತಾಳಾ? ಬಾವೀತಾವ ಮಕ ಎತ್ಕಂಡು ಓಡಾಡಕ್ಕಾಯ್ತದಾ? ಇದನ್ನ ಬರ್ದು ನಿಮ್ ಸಹಿ ಆಕ್ಕೊಡಿ ಮೇಷ್ಟ್ರೇ.”

ಮುಯ್ಯಾಳು ಎಂದರೆ ಏನೆಂದು ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರಪ್ಪನ ಹೊಲ ನಾಟಿಯಾದದ್ದೂ ಅದರಲ್ಲೇ. ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ಮುಂದೆ ನೀನು ನನ್ನ ಹೊಲಕ್ಕೆ. ಸಾವಾಗಿದ್ದರೂ ಮೂರನೇ ದಿನ ಮುಯ್ಯಿ ತೀರಿಸಲು ಬಂದವರು ಈ ಊರಲ್ಲಿದ್ದಾರೆ. ಬ್ಯಾಂಕಿನ ಪಾಸ್‌ಬುಕ್ಕು ತೋರಿಸಿ ವೀಸಾ ಪಡೆದು ಓಡಿಹೋದವರ ಕಥೆ ಬೇಕಾದಷ್ಟಿದೆ. ಮುಯ್ಯಿ ಉಳಿಸಿಕೊಂಡು ಓಡಿಹೋದವಳು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ.

“ಇದನ್ನೆಲ್ಲ ಬರೆದ್ರೆ ನಗ್ತಾರೆ ಕಣಮ್ಮ” ಎಂದರು ಮೇಷ್ಟ್ರು. ಆಮೇಲೆ ನಿಜ ಕಾರಣ ಬಾಯಿಗೆ ಬಂತು: “ಅಲ್ಲದೆ, ನಾಳೆ ನೀನೇನಾದ್ರೂ ಅಲ್ಲೇ ಉಳಿದ್ರೆ, ಸಹಿ ಹಾಕಿದ ನನ್ನ ಪೆನ್ಷನ್ ಗತಿ ಏನು?”

ಈ ಮೇಷ್ಟ್ರ ಮನೆಗೆ ಕೆಂಪಾಜಮ್ಮ ಹನ್ನೆರಡು ವರ್ಷ ಹಾಲು ಹಾಕಿದ್ದಾಳೆ. ಒಂದು ದಿನ ನೀರು ಬೆರೆಸಲಿಲ್ಲ ಎಂದು ಅವರೇ ನಾಲ್ಕು ಜನರ ಮುಂದೆ ಹೇಳುತ್ತಾರೆ. ಹಾಲಿಗೆ ನಂಬಬಹುದು, ಸಹಿಗೆ ನಂಬಲಾಗದು. ಓದಿನಿಂದ ಬಂದ ವಿವೇಕ ಇದು.

ಆ ಸುದ್ದಿ ಚಪ್ಪರಕ್ಕೆ ಬಂತು. ಮಲ್ಲಾಜಮ್ಮ ಎದ್ದು ನಿಂತು ಸೀರೆ ಕೊಡವಿದಳು.

“ಯಾವ ನನ್ಮಗ ಏಳಿದ್ದು ಇವಳು ಬರಲ್ಲ ಅಂತ? ನನ್ನ ಆಳು ತೀರುಸ್ದೆ ಎಲ್ಲೋಯ್ತಾಳೆ? ಅಲ್ಲೇ ಕೂತ್ಕಂಡ್ರೆ ಅದ್ಯಾವ ದೇಶಾನೋ ಅಲ್ಲೀಗೇ ಬಂದು ಜುಟ್ಟು ಹಿಡ್ದು ಎಳ್ಕಂಡ್ ಬತ್ತೀನಿ!”

“ನಿಂಗೂ ವೀಸಾ ಕೊಡಲ್ಲ ಕಣ್ ಕುಂತ್ಕೊ” ಎಂದಿತು ಯಾವುದೋ ದನಿ. ಎಲ್ಲರೂ ನಕ್ಕರು. ಆದರೆ ಮಲ್ಲಾಜಮ್ಮ ಕೂರಲಿಲ್ಲ. ಶಾಲೆಗೆ ಹೋಗುವ ಮೊಮ್ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದು, ಅವಳ ಕೈಲೇ ಬರೆಸಿದಳು: ಕೆಂಪಾಜಮ್ಮ ನಮಗೆ ಹನ್ನೊಂದು ಆಳು ಕೊಡಬೇಕು. ವೈಶಾಖದಲ್ಲಿ ಸಸಿ ನೆಡುವ ಕಾಲಕ್ಕೆ ಅವಳು ನಮಗೆ ಬೇಕು. ಬಾಣಂತನ ಮುಗಿದ ಕೂಡಲೇ ಕಳಿಸಿಕೊಡಿ. ಕೆಳಗೆ ಹನ್ನೊಂದು ಹೆಸರು. ಆರು ಸಹಿ, ಐದು ಹೆಬ್ಬೆಟ್ಟು. ಹೆಬ್ಬೆಟ್ಟಿಗೆ ಇಂಕು ಹುಡುಕುವುದು ಬೇಕಿರಲಿಲ್ಲ. ಸೊಪ್ಪಿನ ಅಂಟೇ ಸಾಕಾಯಿತು.

ವಾಪಸ್ ಬರುತ್ತಾಳೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ದಾಖಲೆಯನ್ನು ಯಾವ ಕಚೇರಿಯೂ ಕಂಡಿರಲಾರದು.

ಆ ಹಾಳೆಯ ಫೋಟೋ ಯಾಂಗ್ಚೆನ್‌ಗೆ ಹೋಯಿತು. ಕನ್ನಡ ಓದಲು ಬರುವುದಿಲ್ಲ ಅವಳಿಗೆ. ಮಲ್ಲಾಜಮ್ಮನ ಮೊಮ್ಮಗಳು ಫೋನಿನಲ್ಲಿ ಓದಿದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಮೂಗೆಳೆಯುವ ಸದ್ದು ಬಂತು, ಆಮೇಲೆ “ಅವ್ವ, ಆ ಚೇತನ್‌ಕುಮಾರನ ಅಂಗಡಿ ಕಡೆ ತಲೆ ಹಾಕಿ ಮಲಗ್ಬೇಡ” ಎಂಬ ಮಾತು. ಈ ಸಲ ಅವಳೇ ಫಾರಂ ತುಂಬಿದಳು. ಉದ್ಯೋಗ: ರೈತ ಮಹಿಳೆ. ಬರುವ ಕಾರಣ: ಹೆರಿಗೆ, ಆರೈಕೆ. ಸಂಬಂಧ: ನನ್ನನ್ನು ಏಳು ಚಳಿಗಾಲ ಸಾಕಿದವಳು. ಅದಕ್ಕೆ ಕಾಲಂ ಇಲ್ಲದ್ದರಿಂದ ಹಾಳೆಯ ಅಂಚಿನಲ್ಲಿ ಬರೆದಳು. ಪಹಣಿ ಹಾಕಿದಳು, ಹಸುವಿನ ಫೋಟೋವನ್ನೂ ಹಾಕಿದಳು. ಹನ್ನೊಂದು ಹೆಂಗಸರ ಹಾಳೆಯನ್ನು ಇಂಗ್ಲಿಷಿಗೆ ತಂದು ಊರಿಗೆ ಕಳಿಸಿದಳು. ಅದರ ಕೆಳಗೆ ಒಂದು ಗೆರೆ ಖಾಲಿ ಬಿಟ್ಟಿದ್ದಾಳೆ: ಇದು ನಿಜ ಎಂದು ಬಲ್ಲ, ಕಚೇರಿಯವರು ಫೋನ್ ಮಾಡಿದರೆ ಅವರ ಭಾಷೆಯಲ್ಲಿ ಉತ್ತರ ಹೇಳಬಲ್ಲ ಒಬ್ಬರ ಹೆಸರು, ಸಹಿ, ಫೋನ್ ನಂಬರು.

ಆ ಒಂದು ಗೆರೆ ಇನ್ನೂ ಖಾಲಿ. ಮೇಷ್ಟ್ರು ಆಗಲ್ಲ ಎಂದರು. ಚುನಾವಣೆ ಬಂದರೆ ಮನೆ ಬಾಗಿಲಿಗೆ ಬಂದು ಕಾಲು ಹಿಡಿಯುವ ಇಬ್ಬರು, ನೋಡುವ, ಮುಂದಿನ ವಾರ ಬಾ ಎಂದರು. ಪ್ರತಿ ಭಾನುವಾರ ಹಳ್ಳಿಯ ಸಂಸ್ಕೃತಿ ಉಳಿಯಬೇಕು ಎಂದು ಫೇಸ್‌ಬುಕ್ಕಿನಲ್ಲಿ ಬರೆಯುವ ವಕೀಲನೊಬ್ಬ, ರಿಸ್ಕು ಎಂದ. ಯಾಂಗ್ಚೆನ್‌ಗೆ ಈಗ ಎಂಟನೇ ತಿಂಗಳು. ಬೆಂಗಳೂರಿನಲ್ಲಿ ಅರ್ಜಿ ಕೊಡಲು ಹೊಸ ದಿನ ಸಿಕ್ಕಿರುವುದು ಬರುವ ಸೋಮವಾರ. ಅದು ತಪ್ಪಿದರೆ ಕಾರ್ತೀಕ ಮುಗಿದುಹೋಗುತ್ತದೆ.

ಅಂಕಯ್ಯ ಈಗ ಫೋನು ಮುಟ್ಟುವುದನ್ನೇ ಬಿಟ್ಟಿದ್ದಾನೆ. ರಿಂಗಾದರೆ ಹೆಂಡತಿಯ ಕಡೆ ನೂಕುತ್ತಾನೆ. ಮರ್ಯಾದೆಯ ಮಾತು ಆಡಿದ್ದಕ್ಕೆ ನಾಚಿಕೆಪಡುವ ಗತಿ ಅವನಿಗೆ ಬಂತು, ನಾಚಿಕೆಪಡಬೇಕಾದವರು ಗೋಡೆಯ ಮೇಲಿನ ಸಿಂಗಾಪುರದ ದೂಳು ಒರೆಸಿಕೊಂಡು ಕೂತಿದ್ದಾರೆ.

ನೀವು ಇದನ್ನು ಓದುತ್ತಿದ್ದೀರಿ, ಅಂದರೆ ಓದಿದವರು. ಹುಣಸೂರಿನಲ್ಲೋ ಕೆ.ಆರ್. ನಗರದಲ್ಲೋ ಎಚ್.ಡಿ. ಕೋಟೆಯಲ್ಲೋ ನಿಮಗೊಂದು ಹೆಸರಿದೆ, ಒಂದು ಫೋನಿದೆ, ನಾಲ್ಕು ಮಾತು ಇಂಗ್ಲಿಷು ಬರುತ್ತದೆ. ನಿಮ್ಮ ಪಕ್ಕದ ಹಳ್ಳಿಯಲ್ಲೂ ಇಂಥ ಒಬ್ಬಳಿದ್ದಾಳೆ, ಅವಳ ಕೈಯಲ್ಲೂ ಇಂಥ ಒಂದು ಹಾಳೆಯಿದೆ, ಅವಳು ಎಂಥವಳು ಎಂದು ನಿಮಗೆ ಚೆನ್ನಾಗಿ ಗೊತ್ತಿದೆ. ಪಾಪ ಎನ್ನಬೇಡಿ. ಸೋಮವಾರದೊಳಗೆ ಎದ್ದು ಹೋಗಿ, ಆ ಗೆರೆಯ ಮೇಲೆ ನಿಮ್ಮ ಹೆಸರು ಬರೆದು ಸಹಿ ಹಾಕಿ. ಫೋನು ಬಂದಾಗ ಎತ್ತಿ. ಅವಳು ಯಾವತ್ತು ಬರುತ್ತಾಳೆ ಎಂದು ಕೇಳಿದರೆ ತಾರೀಖು ಹೇಳಿ.